ಕ್ರೈಸ್ತ ಸಭೆಯಲ್ಲಿ ಐಕಮತ್ಯ

ಶಾಲೆಯ ಸೇವೆಯಿಂದ ನಿವೃತ್ತರಾಗಿ ಸಾಲೋಟಗಿಗೆ ಬಂದು ನೆಲಸಿದ ಮೇಲೆ ನಮಗೆ ತಾನಾಗಿ ಒದಗಿ ಬಂದ ಉದ್ಯೋಗವೆಂದರೆ ಅರ್ಜಿ ಬರೆದುಕೊಡುವದು. ಹೊಲದ ಬದುವಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲಿನ ತಂಟೆ, ಕಾಲುವೆಯ ನೀರಿನ ತಕರಾರು, ಇವೆಲ್ಲವೂ ನಮ್ಮ ಪಡಸಾಲೆಗೆ ನಡೆದು ಬರುವವು. ಸಂಸ್ಕೃತ ಕಲಿಸಿದವರ ಬರವಣಿಗೆಯಲ್ಲಿ ಏನೋ ತೂಕವಿದ್ದೀತೆಂದು ಜನರ ಭಾವನೆ. ತೂಕವಿದೆಯೋ ಇಲ್ಲವೋ, ಕಚೇರಿಯವರು ಅದನ್ನು ತಿರುಗಿಸಿ ಕಳಿಸಿದ್ದು ಕಡಿಮೆ.

ಕಳೆದ ಬೇಸಿಗೆಯಲ್ಲಿ ಹೀಗೆಯೇ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬಂದನು. ಅವನು ಕ್ರೈಸ್ತನು, ಅವನ ಮನೆತನದವರು ಬಾಸೆಲ್ ಮಿಶನ್ನಿನ ಕಾಲದಿಂದಲೂ ಆ ಸಭೆಗೆ ಸೇರಿದವರು. ಅವನ ಊರಿನ ಹೆಸರು ಇಲ್ಲಿ ಬೇಡ. ಉತ್ತರ ಕರ್ನಾಟಕದ ಒಂದು ಊರೆಂದರೆ ಸಾಕು. ಕುಳಿತವನೇ ಚೀಲದಿಂದ ನಾಲ್ಕಾರು ಒಳ್ಳೆಯ ಕಾಗದಗಳನ್ನು ತೆಗೆದು ನಮ್ಮ ಮುಂದಿಟ್ಟನು.

“ಗುರುಗಳೇ, ಎದುರು ಪಕ್ಷದವರ ಮೇಲೆ ಒಂದು ಅರ್ಜಿ ಬರೆದುಕೊಡಬೇಕು. ಓದಿದವರ ಕೈ ನಡುಗುವಂತಿರಬೇಕು.”

“ಎದುರು ಪಕ್ಷದವರು ಯಾರಪ್ಪಾ?”

“ನಮ್ಮ ಸಭೆಯವರೇ.”

ವಿಷಯವು ಇಷ್ಟು. ದೇವಾಲಯದ ಅಂಗಳಕ್ಕೆ ಹೊಂದಿ ಸಭೆಗೆ ಸೇರಿದ ಕೆಲವು ಬಾಡಿಗೆಯ ಕೋಣೆಗಳಿವೆ. ಅವುಗಳ ಲೆಕ್ಕದಲ್ಲಿ ಸಂಶಯ ಹುಟ್ಟಿತು. ಸಂಶಯವು ಸಭಾಹಿರಿಯರ ಚುನಾವಣೆಗೆ ಏರಿತು. ಚುನಾವಣೆಯಿಂದ ಸ್ಮಶಾನದ ಗೋಡೆಗೆ ಹತ್ತಿತು. ಮೂರು ವರ್ಷಗಳಿಂದ ಸಭೆಯಲ್ಲಿ ಎರಡು ಪಕ್ಷ. ಭಾನುವಾರದ ಆರಾಧನೆಯಲ್ಲಿ ಒಂದು ಪಕ್ಷದವರು ನಡುದಾರಿಯ ಎಡಕ್ಕೆ, ಮತ್ತೊಂದು ಪಕ್ಷದವರು ಬಲಕ್ಕೆ ಕೂಡ್ರುವರು. ಒಂದು ಪಕ್ಷದ ಹಿರಿಯರು ಪವಿತ್ರ ಭೋಜನದ ಪಾತ್ರೆಯನ್ನು ಹಿಡಿದರೆ ಎರಡನೆಯ ಪಕ್ಷದವರಲ್ಲಿ ಕೆಲವರು ಎದ್ದು ಹೊರಗೆ ಹೋಗುವರು.

ನಾವು ಕೇಳುತ್ತ ಕುಳಿತಿದ್ದೆವು. ಕೇಳುತ್ತಿದ್ದಂತೆ ಮುಖವು ಸಪ್ಪಗಾಯಿತು. ಕಾರಣವನ್ನು ವಾಚಕರಲ್ಲಿ ಮುಚ್ಚಿಡುವದಿಲ್ಲ. ಎರಡು ವರ್ಷಗಳ ಹಿಂದೆ ಆ ಊರಿನಿಂದಲೇ ವೃದ್ಧರೊಬ್ಬರು ಬಂದು, ಯಾವದೋ ಸಂಸ್ಥೆಯ ಲೆಕ್ಕದ ಬಗೆಗೆ ಒಂದು ಅರ್ಜಿಯನ್ನು ನಮ್ಮಿಂದ ಬರೆಸಿಕೊಂಡು ಹೋಗಿದ್ದರು. ಅದೇ ಕೋಣೆಗಳು, ಅದೇ ಬಾಡಿಗೆ. ‘ಎದುರು ಪಕ್ಷ’ದ ಅರ್ಜಿಯನ್ನು ಬರೆದವರು ನಾವೇ! ಆಗ ಎರಡನೆಯ ಮಗ್ಗುಲನ್ನು ಕೇಳುವ ವಿವೇಕ ನಮಗೆ ಹೊಳೆದಿರಲಿಲ್ಲ. ವಾಕ್ಯಗಳು ಚೆನ್ನಾಗಿ ಕೂಡಿ ಬಂದುವೆಂದು ಹಿಗ್ಗಿದ್ದೆವು ಮಾತ್ರ.

ಅವನಿಗೆ ಅಂದು ಈ ಸಂಗತಿಯನ್ನು ಹೇಳುವ ಧೈರ್ಯವಾಗಲಿಲ್ಲ. ಒಂದು ಕರಾರನ್ನು ಮಾತ್ರ ಹಾಕಿದೆವು. “ತಮ್ಮಾ, ಬರೆದುಕೊಡುವೆವು. ಆದರೆ ಅವರು ಏನನ್ನುತ್ತಾರೆಂಬದನ್ನು ಅವರೇ ಕೇಳಿ ‘ಹೌದು, ನಮ್ಮ ಮಾತು ಇದೇ’ ಎನ್ನುವಂತೆ ನೀನು ಮೊದಲು ನಮಗೆ ಹೇಳಬೇಕು.” ಅವನು ಆರಂಭಿಸಿದನು, ಎರಡನೆಯ ವಾಕ್ಯಕ್ಕೇ ಬೈಗಳಕ್ಕಿಳಿದನು. ಎಂಟು ದಿನ ಬಿಟ್ಟು ಬಾ ಎಂದು ಕಳಿಸಿದೆವು.

ನಾವು ಆ ಮತದವರಲ್ಲ. ಆದರೆ ಅರ್ಜಿಯ ಪಾಪದಲ್ಲಿ ಅರ್ಧ ಪಾಲು ನಮ್ಮದಾದ್ದರಿಂದ ಅವರ ಶಾಸ್ತ್ರವನ್ನೂ ಚರಿತ್ರೆಯನ್ನೂ ಸ್ವಲ್ಪ ಓದಬೇಕೆಂದು ಮನಸ್ಸಾಯಿತು. ಓದುತ್ತ ಹೋದಂತೆ ನಮ್ಮ ಆಶ್ಚರ್ಯ ಹೆಚ್ಚಿತು. ಕ್ರೈಸ್ತ ಸಭೆಯ ಚರಿತ್ರೆಯು ಒಂದು ಜಗಳದ ವೃತ್ತಾಂತವನ್ನು ಮುಚ್ಚಿಡದೆ ಆರಂಭದಲ್ಲಿಯೇ ಹೇಳಿಬಿಡುತ್ತದೆ. ಅದೂ ಮಹಾ ತತ್ತ್ವದ ಜಗಳವಲ್ಲ, ಊಟದ ಹಂಚಿಕೆಯದು. ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದ ಆರನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಯೆರೂಸಲೇಮಿನ ಸಭೆಯಲ್ಲಿ ಇಬ್ರಿಯ ಮಾತಿನವರೂ ಗ್ರೀಕ ಮಾತಿನವರೂ ಕೂಡಿದ್ದರು. ದಿನದಿನದ ಅನ್ನದ ಹಂಚಿಕೆಯಲ್ಲಿ ಗ್ರೀಕ ಮಾತಿನವರ ವಿಧವೆಯರಿಗೆ ಸರಿಯಾಗಿ ಮುಟ್ಟುತ್ತಿಲ್ಲವೆಂದು ಗೊಣಗಾಟ ಎದ್ದಿತು. ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ. ಪ್ರೀತಿಯಿಂದಿರಿ ಎಂದು ಉಪದೇಶ ಮಾಡಿ ಕಳಿಸಲೂ ಇಲ್ಲ. ಏಳು ಜನರನ್ನು ಆರಿಸಿ ಅವರ ಕೈಗೆ ಹಂಚಿಕೆಯನ್ನು ಒಪ್ಪಿಸಲು ಸಭೆಗೇ ಹೇಳಿದರು. ಆರಿಸಲ್ಪಟ್ಟ ಸ್ತೆಫನ, ಫಿಲಿಪ್ಪ ಮೊದಲಾದ ಏಳೂ ಜನರ ಹೆಸರುಗಳು ಗ್ರೀಕ ಹೆಸರುಗಳೇ! ಎಂದರೆ, ದೂರು ಹೇಳಿದವರ ಕಡೆಯವರ ಕೈಗೇ ಉಗ್ರಾಣದ ಕೀಲಿಯನ್ನು ಕೊಟ್ಟಂತಾಯಿತು. ಹೆಸರುಗಳ ಈ ಸೂಕ್ಷ್ಮವನ್ನು ಹಲವು ವಿದ್ವಾಂಸರು ಗುರುತಿಸಿದ್ದಾರೆ. ವ್ಯಾಕರಣದಲ್ಲಿ ಆಯುಷ್ಯ ಕಳೆದ ನಮಗಂತೂ ಇದು ಬಹಳ ರುಚಿಸಿತು.

ಪೌಲನ ಪತ್ರಗಳಲ್ಲಿಯೂ ಇಂಥ ಮನೆಮಾತಿನ ಸಂಗತಿಗಳಿವೆ. ಕೊರಿಂಥದ ಸಭೆಯಲ್ಲಿ ಒಬ್ಬರು ಪೌಲನ ಪಕ್ಷ, ಇನ್ನೊಬ್ಬರು ಅಪೊಲ್ಲೋಸನ ಪಕ್ಷ. ಅಲ್ಲಿ ಉಳ್ಳವರು ಮೊದಲೇ ಬಂದು ಉಂಡುಬಿಡುವರು. ದುಡಿದು ತಡವಾಗಿ ಬಂದ ಬಡವರು ಹಸಿದು ಕೂಡ್ರುವರು. ಪೌಲನು ಇದನ್ನು ಕಟುವಾಗಿ ಖಂಡಿಸಿ, ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ವಿಧಿಸಿದನು. ಆ ಪತ್ರದಲ್ಲಿಯೇ ಸಭೆಯನ್ನು ದೇಹಕ್ಕೆ ಹೋಲಿಸಿ, ಕಣ್ಣು ಕೈಯನ್ನು ಬೇಡವೆನ್ನಲಾರದೆಂಬ ಅರ್ಥದ ಮಾತನ್ನಾಡಿದನು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಒಂದೇ ಮನಸ್ಸಿನವರಾಗಿರಿ ಎಂದು ಬೇಡಿಕೊಂಡಿದ್ದಾನೆ. ಅವರ ಜಗಳವೇನೆಂಬದು ಆ ಪತ್ರದಲ್ಲಿಲ್ಲ. ಇಬ್ಬರೂ ತನ್ನೊಡನೆ ದುಡಿದವರೆಂದು ಮಾತ್ರ ಅವನು ನೆನೆಯುತ್ತಾನೆ. ತಪ್ಪು ಯಾರದೆಂದು ತೀರ್ಪು ಕೊಡುವದಿಲ್ಲ.

ಇನ್ನು ನಮ್ಮ ನಾಡಿನ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಾಟಕಕ್ಕೆ ಬಂದ ಮಿಶನ್ನುಗಳು ಹಲವು. ಲಂಡನ್ ಮಿಶನ್ನಿನವರು 1810ರಲ್ಲಿ ಬಳ್ಳಾರಿಯಲ್ಲಿ, 1820ರಲ್ಲಿ ಬೆಳಗಾವಿಯಲ್ಲಿ ನೆಲೆಯೂರಿದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು ಹಬ್ಬಿಕೊಂಡರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, 1885ರಲ್ಲಿ ವಿಜಾಪುರ, ಹೀಗೆ ಒಂದೊಂದೇ ಠಾಣೆಯನ್ನು ಕಟ್ಟುತ್ತ ನಮ್ಮ ಸೀಮೆಯವರೆಗೂ ಬಂದರು. ಕನ್ನಡಿಗರಿಗೆ ಕಿಟೆಲರ ನಿಘಂಟನ್ನು 1894ರಲ್ಲಿ ಕೊಟ್ಟವರು ಇವರೇ ಎಂಬದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನಮ್ಮ ಮನಸ್ಸು ಒಪ್ಪದು. ನಮ್ಮ ಮೇಜಿನ ಮೇಲೆ ಆ ಗ್ರಂಥ ಈಗಲೂ ಇದೆ.

ಒಬ್ಬರ ಸೀಮೆಯಲ್ಲಿ ಮತ್ತೊಬ್ಬರು ಕೈಹಾಕಬಾರದೆಂದು ಮಿಶನ್ನುಗಳು ಊರುಗಳನ್ನು ಹಂಚಿಕೊಂಡಿದ್ದವು. ಇದರಿಂದ ಮಿಶನ್ನುಗಳ ನಡುವೆ ಘರ್ಷಣೆ ತಪ್ಪಿತು ನಿಜ. ಆದರೆ ಯುರೋಪ ಖಂಡದಲ್ಲಿ ಎಂದೋ ನಡೆದ ವಾದಗಳ ಗಡಿಗಳು ನಮ್ಮ ಜಿಲ್ಲೆಗಳ ಮೇಲೆ ಬಂದು ಬಿದ್ದುವು. ಧಾರವಾಡದ ಮನೆಯ ಮಗಳನ್ನು ಬೆಂಗಳೂರಿಗೆ ಕೊಟ್ಟರೆ ಅವಳು ಒಂದು ಬಗೆಯ ಸಭೆಯಿಂದ ಮತ್ತೊಂದು ಬಗೆಯ ಸಭೆಗೆ ಹೋದಂತಾಗುತ್ತಿತ್ತು. ದೇವರು ಒಬ್ಬನೇ, ಬೈಬಲೂ ಒಂದೇ, ಭಾಷೆಯೂ ಕನ್ನಡವೇ. ಆದರೆ ಆರಾಧನೆಯ ಕ್ರಮ ಬೇರೆ, ಆಡಳಿತದ ಪದ್ಧತಿ ಬೇರೆ. ಒಬ್ಬರಿಗೆ ಬಿಷಪ್ಪರು ಬೇಕು, ಇನ್ನೊಬ್ಬರಿಗೆ ಹಿರಿಯರ ಮಂಡಲವೇ ಸಾಕು, ಮತ್ತೊಬ್ಬರಿಗೆ ಊರಿನ ಸಭೆಯೇ ಸರ್ವಸ್ವತಂತ್ರ. ಇವುಗಳಲ್ಲಿ ಒಂದನ್ನಾದರೂ ಇಲ್ಲಿಯ ಒಕ್ಕಲಿಗನೋ ನೇಕಾರನೋ ಕುಳಿತು ವಿಚಾರಮಾಡಿ ಆರಿಸಿಕೊಂಡದ್ದಲ್ಲ. ಯಾವ ಮಿಶನ್ನು ಮೊದಲು ಬಂದಿತೋ ಅದೇ ಅವನ ಪಾಲಿಗೆ ಬಂದಿತು.

ಇದು ನಡೆಯದೆಂದು ಗಟ್ಟಿಯಾಗಿ ಹೇಳಿದವರು ದೇಶೀಯ ಸಭಾಪಾಲಕರೇ. 1919ನೆಯ ಇಸವಿ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ 33 ಜನ ಬೋಧಕರು ಕೂಡಿದರು. ಬಹುತೇಕ ಎಲ್ಲರೂ ಭಾರತೀಯರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾಗಿದ್ದ ವಿ. ಎಸ್. ಅಜರಯ್ಯನವರು ಅವರಲ್ಲಿ ಮುಖ್ಯರು. ನಮ್ಮನ್ನು ಬೇರ್ಪಡಿಸಿದ ಈ ಗೋಡೆಗಳನ್ನು ನಾವು ಕಟ್ಟಲಿಲ್ಲ, ಇವು ಪರದೇಶದಿಂದ ಬಂದವು ಎಂಬುದೇ ಅವರ ಪ್ರಕಟಣೆಯ ತಾತ್ಪರ್ಯ. ಅಂದಿನಿಂದ ಆರಂಭವಾದ ಮಾತುಕತೆ ಮುಗಿಯಲು 28 ವರ್ಷ ಹಿಡಿದವು. ಅಜರಯ್ಯನವರು ಫಲವನ್ನು ಕಾಣದೆ 1945ರ ಜನವರಿ 1ರಂದು ತೀರಿಕೊಂಡರು. 1947ರ ಸಪ್ಟೆಂಬರ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದ ಆರು ವಾರಗಳ ಮೇಲೆ, ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್ಲಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಉದಯಿಸಿತು. ಆಂಗ್ಲಿಕನ್ನರು, ವೆಸ್ಲಿಯನ್ ಪರಂಪರೆಯ ಮೆಥೊಡಿಸ್ಟರು, 1908ರಲ್ಲಿಯೇ ತಮ್ಮೊಳಗೆ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳವರು, ಎಲ್ಲರೂ ಕೂಡಿ ಸುಮಾರು ಹತ್ತು ಲಕ್ಷ ಜನ. ಬಿಷಪ್ಪರುಳ್ಳ ಸಭೆಗಳೂ ಬಿಷಪ್ಪರಿಲ್ಲದ ಸಭೆಗಳೂ ಹೀಗೆ ಒಂದು ದೇಹವಾದದ್ದು ಜಗತ್ತಿನ ಕ್ರೈಸ್ತರಿಗೆ ದೊಡ್ಡ ಸುದ್ದಿಯಾಯಿತು.

ಸಮಾರಂಭಕ್ಕಿಂತಲೂ ಕರಾರುಗಳು ನಮ್ಮನ್ನು ಹೆಚ್ಚಾಗಿ ಸೆಳೆದವು. ಹೆಣ್ಣು ಕೊಟ್ಟು ತಂದು ಮಾಡುವ ಪ್ರತಿ ಮನೆಯವರೂ ಇವನ್ನು ಒಮ್ಮೆ ನೋಡಬೇಕು. ಮೊದಲನೆಯದಾಗಿ, ಹಿಂದಿನ ಸಭೆಗಳಲ್ಲಿ ದೀಕ್ಷೆ ಪಡೆದಿದ್ದ ಬೋಧಕರೆಲ್ಲರನ್ನೂ ಇದ್ದ ಹಾಗೆಯೇ ಒಪ್ಪಿಕೊಳ್ಳಲಾಯಿತು. ನಿಮ್ಮ ದೀಕ್ಷೆ ಸಾಲದು, ಮತ್ತೊಮ್ಮೆ ಪಡೆಯಿರಿ ಎಂದು ಯಾರಿಗೂ ಹೇಳಲಿಲ್ಲ. ಮುಂದಿನ ದೀಕ್ಷೆಗಳು ಮಾತ್ರ ಬಿಷಪ್ಪರ ಕೈಯಿಂದ. ಎರಡನೆಯದಾಗಿ, ಒಂದು ಊರಿನ ಸಭೆಯವರು ಬಹುಕಾಲ ರೂಢಿಸಿಕೊಂಡ ಆರಾಧನೆಯ ಪದ್ಧತಿಗೆ ವಿರುದ್ಧವಾದದ್ದನ್ನು, ಅಥವಾ ಅವರ ಮನಸ್ಸಾಕ್ಷಿ ಒಪ್ಪದ ಬೋಧಕನನ್ನು, ಅವರ ಮೇಲೆ ಹೇರಬಾರದೆಂದು ವಚನ ಕೊಟ್ಟರು. ಮೂರನೆಯದಾಗಿ, ಬಿಡಿಸಲಾರದ ಗಂಟುಗಳನ್ನು ಬಿಡಿಸಲು ಮೂವತ್ತು ವರ್ಷಗಳ ಅವಧಿಯನ್ನಿಟ್ಟುಕೊಂಡರು. ಒಂದು ತಲೆಮಾರು ಕೂಡಿ ಬಾಳಲಿ, ಆಮೇಲೆ ನೋಡೋಣವೆಂಬ ಬುದ್ಧಿ. ಹೊಸ ಸೊಸೆ ಬಂದ ದಿನವೇ ಅಡಿಗೆಮನೆಯ ಪದ್ಧತಿಯನ್ನೆಲ್ಲ ಇತ್ಯರ್ಥಗೊಳಿಸಲು ಹೊರಡುವ ಅತ್ತೆಯರು ನಮ್ಮಲ್ಲಿ ಎಷ್ಟು ಮಂದಿ!

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಇಂಗ್ಲೆಂಡಿನ ಮಾತೃಸಭೆಯು ಈ ಹೊಸ ಸಭೆಯೊಡನೆ ಪೂರ್ಣ ಸಂಬಂಧವನ್ನಿಟ್ಟುಕೊಳ್ಳಲು ಬಹುಕಾಲ ಹಿಂದೆಮುಂದೆ ನೋಡಿತು. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರು ಹೊರಗೆ ಉಳಿದರು. ಅವರು ಒಳಗೆ ಬಂದದ್ದು 1975ರಲ್ಲಿ. ಬೆಳಗಾವಿ, ಬೀದರ ಮುಂತಾದ ಕಡೆ ಅಮೇರಿಕೆಯ ಮಿಶನ್ನಿನಿಂದ ಬೆಳೆದ ಮೆಥೊಡಿಸ್ಟರು ಇಂದಿಗೂ ಬೇರೆಯಾಗಿಯೇ ಇದ್ದಾರೆ. ನಮ್ಮ ಸೀಮೆಯ ಬಾಸೆಲ್ ಮಿಶನ್ನಿನ ಸಭೆಗಳು ಕೂಡ 1947ರಲ್ಲಿ ಸೇರಲಿಲ್ಲ. ಮಲಬಾರದ ಬಾಸೆಲ್ ಸಭೆಗಳು ಸೇರಿದವು. ಮುಂಬಯಿ ಕರ್ನಾಟಕದವೂ ದಕ್ಷಿಣ ಕನ್ನಡದವೂ ನಿಂತವು. ಬಾಸೆಲ್ ಮಿಶನ್ನು 1815ರಲ್ಲಿ ಹುಟ್ಟಿದಾಗಲೇ ಸ್ವಿಸ್ ಸುಧಾರಿತ ಪಂಥದವರೂ ಜರ್ಮನಿಯ ಲೂಥರನ್ ಪಂಥದವರೂ ಅದರಲ್ಲಿ ಕೂಡಿ ದುಡಿದವರು. ಐಕ್ಯದಿಂದಲೇ ಹುಟ್ಟಿದ ಮಿಶನ್ನಿನ ಸಭೆಗಳು ಐಕ್ಯಕ್ಕೆ ಸೇರಲು ಇಪ್ಪತ್ತೊಂದು ವರ್ಷ ತಡೆದದ್ದು ವಿಚಿತ್ರವಾಗಿ ಕಾಣಬಹುದು. ಅವಕ್ಕಾಗಿ ಯಾರೂ ಬಾಗಿಲನ್ನು ಮುಚ್ಚಲಿಲ್ಲ. ಯಾರೂ ಕೈಹಿಡಿದು ಎಳೆಯಲೂ ಇಲ್ಲ. 1968ರಲ್ಲಿ ಅವು ತಾವಾಗಿ ಬಂದು ಸೇರಿದವು. 1970ರಲ್ಲಿ ಮೈಸೂರು ಧರ್ಮಪ್ರಾಂತವು ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಯಿತು. ಉತ್ತರದ ಬಿಷಪ್ಪರ ಪೀಠವು ಧಾರವಾಡದಲ್ಲಿ.

ಇಷ್ಟು ಓದಿದ ಮೇಲೆ ನಮ್ಮ ಶಿಷ್ಯನು ಎರಡನೆಯ ಸಲ ಬಂದನು. ಈ ಬಾರಿ ಎದುರು ಪಕ್ಷದವರ ಮಾತನ್ನು ಅರ್ಧದಷ್ಟು ನೆಟ್ಟಗೆ ಹೇಳಿದನು. ಉಳಿದರ್ಧವನ್ನು ಅವನ ಹೆಂಡತಿ ಹೇಳಿಕೊಟ್ಟಿದ್ದಳಂತೆ. ಅವಳ ದೊಡ್ಡಪ್ಪನ ಮಗಳನ್ನು ಎದುರು ಪಕ್ಷದ ಮುಖಂಡರ ಮನೆಗೇ ಕೊಟ್ಟಿದೆ. ಮೂರು ವರ್ಷಗಳಿಂದ ಅಕ್ಕತಂಗಿಯರು ಒಬ್ಬರ ಮನೆಯ ಹೊಸ್ತಿಲನ್ನು ಒಬ್ಬರು ತುಳಿದಿಲ್ಲ. ಒಬ್ಬಳ ಮಗುವಿನ ಹೆಸರಿಡುವ ದಿನ ಇನ್ನೊಬ್ಬಳು ಮನೆಯಲ್ಲಿಯೇ ಅತ್ತಳು. ಆದರೂ ವರ್ಷಕ್ಕೊಮ್ಮೆ ಇಂಡಿಯ ನಿಂಬೆಯ ಉಪ್ಪಿನಕಾಯಿಯ ಭರಣಿಯೊಂದು ಪಕ್ಕದ ಮನೆಯ ಮುದುಕಿಯ ಕೈಯಲ್ಲಿ ಈಚೆಯಿಂದಾಚೆಗೆ ಹೋಗುತ್ತದೆ; ಖಾಲಿ ಭರಣಿಯು ಕರ್ಜಿಕಾಯಿ ತುಂಬಿಕೊಂಡು ಮರಳುತ್ತದೆ. ಗಂಡಸರಿಗೆ ಇದು ತಿಳಿದೇ ಇಲ್ಲವೆಂದು ಹೆಂಗಸರ ನಂಬಿಕೆ. “ನನಗೆ ಗೊತ್ತಿತ್ತು, ಗುರುಗಳೇ, ಆ ಉಪ್ಪಿನಕಾಯಿಯ ರುಚಿ ನಮ್ಮ ಮನೆಯದಲ್ಲ” ಎಂದು ಶಿಷ್ಯನು ನಕ್ಕನು. ಅವನು ನಕ್ಕದ್ದನ್ನು ಕಂಡು ನಮಗೆ ಧೈರ್ಯ ಬಂದು ಹಳೆಯ ಅರ್ಜಿಯ ಸಂಗತಿಯನ್ನು ಹೇಳಿಬಿಟ್ಟೆವು. ಅವನ ನಗೆ ನಿಂತಿತು. ನಮ್ಮ ಮನೆಯವರು ತಂದಿಟ್ಟ ಚಹವನ್ನು ಮುಟ್ಟದೆ ಎದ್ದು ಹೋದನು. ಕಾಗದಗಳನ್ನು ಮಾತ್ರ ಮರೆತು ಹೋದನು.

ಅವನು ಬಾರದಿದ್ದರೆ ನಾವೇ ಹೋಗುವದು ಧರ್ಮವೆಂದು ಬಗೆದು ಒಂದು ಭಾನುವಾರ ಬೆಳಿಗ್ಗೆ ಆ ಊರಿಗೆ ಹೋಗಿ ದೇವಾಲಯದ ಹಿಂಬದಿಯ ಬೆಂಚಿನ ಮೇಲೆ ಕುಳಿತೆವು. ಅಂದು ನಾವು ಕಂಡದ್ದನ್ನು ತಿಳಿಯಲು ಒಂದು ವಿಷಯ ಗೊತ್ತಿರಬೇಕು. ದಕ್ಷಿಣ ಇಂಡಿಯಾ ಸಭೆಯು 1950ರಲ್ಲಿ ಪವಿತ್ರ ಭೋಜನಕ್ಕಾಗಿ ತನ್ನದೇ ಆದ ಆರಾಧನಾಕ್ರಮವನ್ನು ಹೊರತಂದಿತು. ಅದರಲ್ಲಿ ‘ಸಮಾಧಾನ’ ಎಂಬ ಒಂದು ವಿಧಿ ಇದೆ. ಬೋಧಕರು ತಮ್ಮ ಜೊತೆಯವರ ಕೈಗೆ ಸಮಾಧಾನವನ್ನು ಕೊಡುವರು, ಅವರು ಕೆಳಗೆ ಬಂದು ಬೆಂಚಿನ ಮೊದಲಿನವರಿಗೆ, ಅವರು ಪಕ್ಕದವರಿಗೆ, ಹೀಗೆ ಕೈಯಿಂದ ಕೈಗೆ ಕಡೆಯವರೆಗೆ. ಕೊಡುವವನ ಬಲ ಅಂಗೈಗೆ ಕೊಳ್ಳುವವನ ಬಲ ಅಂಗೈ. ಇಬ್ಬರೂ ತಮ್ಮ ಎಡಗೈಯನ್ನು ಎದುರಿನವನ ಬಲಗೈಯ ಮೇಲೆ ಮುಚ್ಚುವರು. ಇದು ಕೇರಳದ ಸುರಿಯಾನಿ ಕ್ರೈಸ್ತರ ಪ್ರಾಚೀನ ಪದ್ಧತಿಯಿಂದ ತೆಗೆದುಕೊಂಡದ್ದು. ಕೆಲವೆಡೆ ಕೈಮುಗಿದು ನಮಸ್ಕರಿಸುವದೂ ಉಂಟು. ಇದರ ಬಲವೇನೆಂದರೆ, ಸಮಾಧಾನವನ್ನು ಕೊಡಬೇಕಾದವರನ್ನು ನಾವು ಆರಿಸಿಕೊಳ್ಳುವಂತಿಲ್ಲ. ಪಕ್ಕದಲ್ಲಿ ಯಾರಿದ್ದಾರೋ ಅವರಿಗೇ ಕೊಡಬೇಕು. ಕಾಣಿಕೆಯನ್ನು ವೇದಿಕೆಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂದು ಮತ್ತಾಯನ ಸುವಾರ್ತೆಯಲ್ಲಿ ಬಂದಿರುವ ಬೋಧೆಯನ್ನು ಕೈಗೆ ಇಳಿಸಿದಂತೆ ಈ ವಿಧಿ.

ಅಂದು ಎಡಗಡೆಯ ಬೆಂಚುಗಳಲ್ಲಿ ಸಮಾಧಾನವು ಕೈಯಿಂದ ಕೈಗೆ ಹರಿದು ನಡುದಾರಿಯ ಅಂಚಿಗೆ ಬಂದು ನಿಂತಿತು. ಬಲಗಡೆಯಲ್ಲಿಯೂ ಹಾಗೆಯೇ. ನಡುದಾರಿಯ ಅಗಲವು ಎರಡು ಮೊಳ. ಅಂಚಿನಲ್ಲಿ ನಿಂತ ಇಬ್ಬರು ಗಂಡಸರು, ಒಬ್ಬನು ನಮ್ಮ ಶಿಷ್ಯ, ಇನ್ನೊಬ್ಬರು ನಮ್ಮಿಂದ ಅರ್ಜಿ ಬರೆಸಿಕೊಂಡು ಹೋದ ಆ ವೃದ್ಧರು, ನೆಟ್ಟಗೆ ಮುಂದೆ ನೋಡುತ್ತ ನಿಂತಿದ್ದರು. ಎರಡು ಮೊಳದ ಆ ದಾರಿಯನ್ನು ಅಗೆದವರಲ್ಲಿ ನಾವೂ ಒಬ್ಬರೆಂದು ನೆನೆದಾಗ ತಲೆಯೆತ್ತಲಾಗಲಿಲ್ಲ. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರನ್ನೂ ಕೂಡಿಯೇ ಕಂಡು, ಹಿಂದಿನ ಅರ್ಜಿಯನ್ನು ಒಂದೇ ಮಗ್ಗುಲು ಕೇಳಿ ಬರೆದದ್ದು ನಮ್ಮ ತಪ್ಪೆಂದು ಹೇಳಿದೆವು. ವೃದ್ಧರು ಬಹಳ ಹೊತ್ತು ಸುಮ್ಮನಿದ್ದು, “ಮಾಸ್ತರರೇ, ಅರ್ಜಿ ನಿಮ್ಮದಿರಬಹುದು, ಸಂಶಯ ನನ್ನದೇ. ಲೆಕ್ಕವನ್ನು ತೋರಿಸಲಿ, ಸುಮ್ಮನಾಗುತ್ತೇನೆ” ಎಂದರು. “ತೋರಿಸಿದರೆ ಓದುವವರು ಯಾರು?” ಎಂದನು ಶಿಷ್ಯನು. ಹಾಗಾದರೆ ಇಬ್ಬರಿಗೂ ಬೇಕಾದ ಒಬ್ಬನು ಓದಲಿ ಎಂದೆವು.

ಇಲ್ಲಿ ನಮ್ಮ ಊರಿನ ಮಾತೊಂದನ್ನು ಹೇಳದಿದ್ದರೆ ನಮಗೆ ಸಮಾಧಾನವಿಲ್ಲ. ಅಂದು ಅವರಿಬ್ಬರಿಗೂ ಹೇಳಿದ್ದು ಇದನ್ನೇ. ಸಾಲೋಟಗಿಯ ಹಳೆಯ ಹೆಸರು ಪಾವಿಟ್ಟಗೆ. ಕ್ರಿ.ಶ. 945ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಇಲ್ಲಿ ಕೂಡಿ ವಾಸಿಸುತ್ತಿದ್ದರು. ಕಂಬದ ಮೇಲೆ ಕೊರೆದ ಶಾಸನದಲ್ಲಿ ಐಕಮತ್ಯದ ಸ್ತೋತ್ರವೇನೂ ಇಲ್ಲ. ಇರುವದು ಲೆಕ್ಕ: ವಿದ್ಯಾರ್ಥಿಗಳ ವಸತಿಗೆ 27 ಮನೆ, ದೀಪದ ಎಣ್ಣೆಗೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ, ಊರವರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ ನಾಣ್ಯದ ಕಾಣಿಕೆ, ಚೌಲಕ್ಕೂ ಕಾಣಿಕೆ ಕೊಡತಕ್ಕದ್ದು. ನಾನಾ ದೇಶದವರು ಒಂದೇ ಸೂರಿನ ಕೆಳಗೆ ಇರಬೇಕಾದರೆ ದೀಪಕ್ಕೆ ಎಣ್ಣೆ ಯಾರದೆಂಬದು ಮೊದಲು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತಿರಬೇಕೆಂದು ಆ ನಾರಾಯಣನು ಬಲ್ಲವನಾಗಿದ್ದನು. ಎಲ್ಲರೂ ಕೂಡಿ ಬೆಳಗುವ ಸ್ಥಳವೇ ‘ಸಭಾ’ ಎಂದು ನಮ್ಮ ಪಂಡಿತರು ಆ ಶಬ್ದವನ್ನು ಬಿಡಿಸುವದುಂಟು. ಬೆಳಗಬೇಕಾದರೆ ಎಣ್ಣೆ ಬೇಕಷ್ಟೆ.

ಕ್ರೈಸ್ತರು ತಮ್ಮ ಸಮೂಹಕ್ಕೆ ಕನ್ನಡದಲ್ಲಿ ‘ಸಭೆ’ ಎಂಬ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಋಗ್ವೇದದ ಕಟ್ಟಕಡೆಯ ಸೂಕ್ತಕ್ಕೆ ಸಂಜ್ಞಾನಸೂಕ್ತವೆಂದು ಹೆಸರು. ಐಕಮತ್ಯವೇ ಅದರ ವಿಷಯ. ಅಷ್ಟು ದೊಡ್ಡ ಸಂಹಿತೆಯು ಅಂಥ ಪ್ರಾರ್ಥನೆಯಿಂದ ಮುಗಿಯುವದನ್ನು ಕಂಡರೆ, ಮಂತ್ರದ್ರಷ್ಟಾರರ ಕಾಲದಲ್ಲಿಯೂ ಜನರು ಬೆಂಚಿನ ಎಡಬಲಗಳಲ್ಲಿ ಕುಳಿತಿದ್ದರೇನೋ ಎಂದು ನಮಗೆ ಒಮ್ಮೊಮ್ಮೆ ಅನಿಸುವದು.

ನಮ್ಮ ಜೊತೆಗೆ ಗಣಿತ ಕಲಿಸುತ್ತಿದ್ದ ನಿವೃತ್ತ ಮಿತ್ರರೊಬ್ಬರು ಮೂರು ಭಾನುವಾರ ಆರಾಧನೆಯ ಬಳಿಕ ಆ ಸಭೆಯ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಹೆಂಗಸರೂ ಕುಳಿತು ಕೇಳಬೇಕೆಂದು ನಾವು ಹಟ ಹಿಡಿದೆವು; ಮನೆಯಲ್ಲಿ ಜಗಳವನ್ನು ಉಣ್ಣುವವರು ಅವರು. ಮೊದಲ ದಿನ ಏಳು ತಿಂಗಳ ಬಾಡಿಗೆಯು ಎರಡು ಕಡೆ ಬರೆಯಲ್ಪಟ್ಟದ್ದು ಕಂಡಿತು. ಅದು ಕೈತಪ್ಪು, ಯಾರೂ ನುಂಗಿದ್ದಲ್ಲ. ಎರಡನೆಯ ದಿನ ಛಾವಣಿಯ ದುರಸ್ತಿಯ ಹಣಕ್ಕೆ ಪಾವತಿ ಇಲ್ಲದ್ದು ಹೊರಬಿದ್ದಿತು. ಎದುರು ಪಕ್ಷದವರು ತಲೆ ತಗ್ಗಿಸಿ, ಕೆಲಸಗಾರನನ್ನು ಕರೆತಂದು ಸಾಕ್ಷಿ ಹೇಳಿಸಿದರು. ಮೂರನೆಯ ದಿನ ನಮ್ಮ ಶಿಷ್ಯನ ಸ್ವಂತ ಕಾಕಾ ಒಂದು ಕೋಣೆಯನ್ನಿಟ್ಟುಕೊಂಡು ಬಹುಕಾಲದಿಂದ ಬಾಡಿಗೆಯನ್ನೇ ಕೊಟ್ಟಿಲ್ಲವೆಂಬದು ಬೆಳಕಿಗೆ ಬಂದಿತು. ಕೈ ನಡುಗುವಂಥ ಅರ್ಜಿಯನ್ನು ಬರೆಸಬಂದವನ ಕೈಯೇ ಅಂದು ನಡುಗಿದ್ದನ್ನು ನೋಡಿದೆವು. ಅವನು ಎದ್ದು ನಿಂತು ಕಂತಿನಲ್ಲಿ ತೀರಿಸುವೆನೆಂದನು. ಕಾಕಾ ಮಾತ್ರ ಇಂದಿಗೂ ಅವನೊಡನೆ ಮಾತನಾಡುವದಿಲ್ಲ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುವದು ಸಂಸಾರದ ಪದ್ಧತಿ.

ಡಿಸೆಂಬರದಲ್ಲಿ ಅವರು ನಮ್ಮನ್ನೂ ನಮ್ಮ ಮನೆಯವರನ್ನೂ ಕ್ರಿಸ್ತಜಯಂತಿಗೆ ಕರೆದರು. ಹೋದೆವು. ಜನರು ಹಿಂದಿನಂತೆಯೇ ಎಡಬಲಗಳಲ್ಲಿ ಕುಳಿತಿದ್ದರು. ಮೂರು ವರ್ಷಗಳ ರೂಢಿ ಮೂರು ವಾರದಲ್ಲಿ ಹೋಗುವದಿಲ್ಲ. ಸಮಾಧಾನದ ವಿಧಿ ಬಂದಿತು. ಕೈಗಳು ನಡುದಾರಿಯ ಅಂಚಿಗೆ ಬಂದು ನಿಂತವು. ಆಗ ಹೆಂಗಸರ ಸಾಲಿನಿಂದ ನಮ್ಮ ಶಿಷ್ಯನ ಹೆಂಡತಿಯು ಎದ್ದು, ಸೆರಗನ್ನು ಸರಿಪಡಿಸಿಕೊಂಡು, ಎರಡು ಹೆಜ್ಜೆಯಿಟ್ಟು ಆಚೆಯ ಬೆಂಚಿನ ಅಕ್ಕನ ಕೈಯನ್ನು ಹಿಡಿದಳು. ಅವಳ ಹಿಂದೆ ಉಪ್ಪಿನಕಾಯಿಯ ಭರಣಿಯನ್ನು ಸಾಗಿಸಿದ ಆ ಮುದುಕಿಯೂ ಎದ್ದಳು. ಗಂಡಸರಲ್ಲಿ ವೃದ್ಧರು ಮಾತ್ರ ಶಿಷ್ಯನ ಕಡೆಗೆ ಕೈಚಾಚಿದರು, ಅವನು ಹಿಡಿದುಕೊಂಡನು. ಉಳಿದವರು ತಮ್ಮ ತಮ್ಮ ಸ್ಥಳದಲ್ಲಿಯೇ ಇದ್ದರು.

ಸಭಾಹಿರಿಯರ ಚುನಾವಣೆಯ ತಕರಾರು ಇನ್ನೂ ಮುಗಿದಿಲ್ಲ. ಸ್ಮಶಾನದ ಗೋಡೆಯ ಕೆಲಸ ನಿಂತಲ್ಲಿಯೇ ಇತ್ತು. ಮೊನ್ನೆ ಶಿಷ್ಯನು ಬಂದು, ಮರೆತು ಹೋಗಿದ್ದ ತನ್ನ ಕಾಗದಗಳನ್ನು ಕೇಳಿದನು. ಪೆಟ್ಟಿಗೆಯಿಂದ ತೆಗೆದುಕೊಟ್ಟೆವು. ಗೋಡೆಯ ಖರ್ಚಿನ ಪಟ್ಟಿಯನ್ನು ಅವುಗಳ ಮೇಲೆ ಬರೆದು ಎರಡೂ ಕಡೆಯವರ ರುಜು ಹಾಕಿಸಿ ದೇವಾಲಯದ ಬಾಗಿಲಿಗೆ ಅಂಟಿಸಬೇಕಾಗಿದೆಯಂತೆ. ಅಕ್ಷರ ದುಂಡಾಗಿರಲೆಂದು ಬರೆಯುವ ಕೆಲಸವನ್ನು ನಮಗೇ ಒಪ್ಪಿಸಿದನು. ಚಹ ಕುಡಿದೇ ಹೋದನು.